ಪೆಟ್ಟು ತಿಂದ ಸ್ಟರ್ನ್‌ಡ್ರೈವ್: ಬಿಲ್ ಏರುವುದೆಲ್ಲಿ, ಯಾವ ದಾರಿ ಲೇಸು

ಸ್ಟರ್ನ್‌ಡ್ರೈವ್ (ದೋಣಿಯ ಹಿಂಬದಿಯ ಹೊರಗೆ ಕೂತು ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ಮುಟ್ಟಿಸುವ ಗೇರಿನ ಯಂತ್ರ) ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳಿದೊಡನೆ, ಒಂದು ಫೋಟೋ ನೋಡಿ ಮೊತ್ತ ಹೇಳಿಬಿಡುವ ವರ್ಕ್‌ಶಾಪಿನಿಂದ ದೂರವಿರಿ. ಮುರಿದ ಸ್ಕೆಗ್ (ಪ್ರೊಪೆಲ್ಲರಿನ ಕೆಳಗೆ ಚಾಚಿದ ರೆಕ್ಕೆಯಂಥ ತುದಿ), ಮಡಿಚಿಕೊಂಡ ಪ್ರೊಪೆಲ್ಲರ್ ರೆಕ್ಕೆ ಫೋಟೋದಲ್ಲಿ ಕಾಣುತ್ತವೆ, ನಿಜ. ಆದರೆ ಇಡೀ ಲೆಕ್ಕದಲ್ಲಿ ಅವೇ ಅಗ್ಗದ ಬಾಬತ್ತು. ದುಡ್ಡು ತಿನ್ನುವುದು ಎಣ್ಣೆಯೊಳಗೆ ಮುಳುಗಿರುವ ಗೇರು, ಬೇರಿಂಗುಗಳು ಮತ್ತು ಅವನ್ನು ಸರಿಯಾದ ಅಂತರಕ್ಕೆ ಕೂರಿಸುವ ಕೂಲಿ. ಇಲ್ಲಿ ತೂಗಿ ನೋಡಿರುವುದು ಐದು ದಾರಿಗಳನ್ನು: ಇದ್ದುದನ್ನೇ ಬಿಚ್ಚಿ ಸರಿಮಾಡಿಸುವುದು, ಕೆಳಗಿನ ಅರ್ಧ ಮಾತ್ರ ಬದಲಿಸುವುದು, ಸೆಕೆಂಡ್‌ಹ್ಯಾಂಡ್ ಡ್ರೈವ್ ತರುವುದು, ಹಳೆಯದನ್ನು ಕೊಟ್ಟು ಪುನರ್ನಿರ್ಮಿತ ಡ್ರೈವ್ ಪಡೆಯುವುದು, ಹೊಚ್ಚಹೊಸದನ್ನು ಕೊಳ್ಳುವುದು. ಊರಿಂದೂರಿಗೆ ದರ ಬೇರೆಯಾಗುವುದರಿಂದ ಲೆಕ್ಕವನ್ನು ಕೆಲಸದ ಗಂಟೆಗಳಲ್ಲಿ ಮತ್ತು ಹೊಸ ಡ್ರೈವಿನ ಬೆಲೆಗೆ ಹೋಲಿಸಿ ಕೊಟ್ಟಿದೆ.

1959ರಲ್ಲಿ ವೋಲ್ವೊ ಪೆಂಟಾ ಅಕ್ವಾಮ್ಯಾಟಿಕ್ ಬಂದಾಗಿನಿಂದ ಈ ಯಂತ್ರದ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಎಂಜಿನ್ ದೋಣಿಯ ಒಳಗೆ, ಡ್ರೈವ್ ಹಿಂಬದಿಯ ಗೋಡೆಯ ಆಚೆ. ಎಂಜಿನ್ನಿನ ಶಕ್ತಿ ಕಪ್ಲರ್ (ಎಂಜಿನ್ನಿಗೆ ಶಾಫ್ಟನ್ನು ಜೋಡಿಸುವ ಭಾಗ), ಗಿಂಬಲ್ ಬೇರಿಂಗ್ (ಗೋಡೆಯ ಬಳಿ ಆ ಶಾಫ್ಟನ್ನು ಹೊತ್ತ ಬೇರಿಂಗ್), ಯೂನಿವರ್ಸಲ್ ಜಾಯಿಂಟ್ (ಬಾಗಿದರೂ ತಿರುಗುವ ಕೀಲು) ದಾಟಿ ಮೇಲಿನ ಗೇರಿನಲ್ಲಿ ನೇರ ಕೆಳಕ್ಕೆ ತಿರುಗುತ್ತದೆ. ನಿಂತ ಶಾಫ್ಟಿನ ಮೂಲಕ ಇಳಿದು ಕೆಳಗಿನ ಗೇರಿನಲ್ಲಿ ಮತ್ತೆ ಹಿಂದಕ್ಕೆ ತಿರುಗಿ ಪ್ರೊಪೆಲ್ಲರಿಗೆ ಮುಟ್ಟುತ್ತದೆ. ಬಂಡೆಗೋ ತೇಲುವ ದಿಮ್ಮಿಗೋ ಪ್ರೊಪೆಲ್ಲರ್ ಬಡಿದಾಗ ಪೆಟ್ಟು ಇದೇ ದಾರಿಯಲ್ಲಿ ಉಲ್ಟಾ ಹತ್ತುತ್ತದೆ. ಅದು ಎಲ್ಲಿ ನಿಂತಿತು ಎಂಬುದೇ ಬಿಲ್ಲಿನ ಗಾತ್ರ.

ಹಬ್ಬಿನಲ್ಲೇ ನಿಂತಿದ್ದರೆ ಅದೃಷ್ಟ. ಪ್ರೊಪೆಲ್ಲರಿನೊಳಗಿನ ರಬ್ಬರ್ ಅಥವಾ ಪ್ಲಾಸ್ಟಿಕ್ ಹಬ್ ಇರುವುದೇ ಗೇರಿನ ಬದಲು ತಾನು ಸಾಯಲಿಕ್ಕೆ. ಎಂಜಿನ್ ವೇಗ ಏರುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ ಎಂದಾದರೆ ಡ್ರೈವ್ ಬಿಚ್ಚುವ ಮೊದಲು ಹಬ್ ನೋಡಿ. ಒಳತೋಳಿಗೂ ಹೊರಮೈಗೂ ಸೇರಿಸಿ ಬಣ್ಣದ ಒಂದು ಗೀರು ಎಳೆದು, ನೀರಿನಲ್ಲಿ ಸ್ವಲ್ಪ ಓಡಿಸಿ ಬಂದಾಗ ಗೀರಿನ ಎರಡು ತುಂಡು ಬೇರೆ ಬೇರೆ ಕಡೆ ಇದ್ದರೆ ಜಾರಿದ್ದು ಹಬ್. ಡ್ರೈವ್ ಹೋಗಿದೆ ಎಂಬ ತೀರ್ಮಾನಕ್ಕೆ ಬಂದು ದೊಡ್ಡ ಕೋಟೇಶನ್‌ಗೆ ಸಹಿ ಹಾಕುವ ಮುನ್ನ ಈ ಬಣ್ಣದ ಗೀರಿನ ಪರೀಕ್ಷೆ ಆಗಲೇಬೇಕು.

ಮುಂದಿನ ಮೆಟ್ಟಿಲು ಪ್ರೊಪೆಲ್ಲರ್ ಶಾಫ್ಟ್. ಪ್ರೊಪೆಲ್ಲರ್ ಕಳಚಿ, ಶಾಫ್ಟಿನ ತುದಿಗೆ ಡಯಲ್ ಇಂಡಿಕೇಟರ್ (ಸೂಕ್ಷ್ಮ ಓಲಾಟ ತೋರಿಸುವ ಮುಳ್ಳಿನ ಮಾಪಕ) ಹಿಡಿದು ಕೈಯಿಂದ ತಿರುಗಿಸಿದರೆ ಸೊಟ್ಟಗಾದದ್ದು ತಿಳಿಯುತ್ತದೆ. ಇಂಚಿನ ಸಾವಿರದ ಕೆಲವೇ ಭಾಗದಷ್ಟು ಓಲಾಟವೂ ಸೀಲಿನ ತುಟಿಯನ್ನು ಬೇಗ ತಿನ್ನುತ್ತದೆ. ಬಾಗಿದ ಶಾಫ್ಟನ್ನು ಒತ್ತಿ ನೇರ ಮಾಡುವವರಿದ್ದಾರೆ. ಅದಕ್ಕೆ ದುಡ್ಡು ಕೊಡುವುದು ವ್ಯರ್ಥ ಎಂಬುದು ನಮ್ಮ ಮತ. ಶಾಫ್ಟ್ ಬದಲಿಸಲು ಹೇಗೂ ಬೇರಿಂಗ್ ಕ್ಯಾರಿಯರ್ (ಶಾಫ್ಟಿನ ಬೇರಿಂಗುಗಳನ್ನು ಹಿಡಿದ ಭಾಗ) ಹೊರಗೆ ಬರಬೇಕು, ಸೀಲ್ ಹೊಸದು ಆಗಬೇಕು. ಕೂಲಿ ಅಷ್ಟೇ ಇರುವಾಗ ಹಳೆ ಶಾಫ್ಟ್ ಉಳಿಸಿ ಗಳಿಸುವುದು ಅಲ್ಪ.

ಬಿಚ್ಚುವ ಮೊದಲು ಎಣ್ಣೆ. ಇಷ್ಟು ಅಗ್ಗವಾಗಿ ಇಷ್ಟು ನಿಜ ಹೇಳುವ ಪರೀಕ್ಷೆ ಬೇರೆ ಇಲ್ಲ. ದೋಣಿ ಒಂದು ರಾತ್ರಿ ಅಲುಗಾಡದೆ ನಿಂತ ಮೇಲೆ ಕೆಳಗಿನ ಸ್ಕ್ರೂ ಸಡಿಲಿಸಿದರೆ ಮೊದಲು ನೀರು ಜಿನುಗುತ್ತದೆಯೇ ನೋಡಬೇಕು. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಓಡಿಸಿದ ತಕ್ಷಣ ತೆಗೆದರೆ ಎರಡೂ ಕಲಸಿ ಹಾಲು ಬೆರೆತ ಬಣ್ಣಕ್ಕೆ ತಿರುಗಿರುತ್ತದೆ. ಸ್ಕ್ರೂವಿನ ಅಯಸ್ಕಾಂತದ ತುದಿಯಲ್ಲಿ ಬೂದು ಬಣ್ಣದ ನುಣುಪು ಕೆಸರು ಇದ್ದರೆ ಗಾಬರಿ ಬೇಡ, ಗೇರು ಸವೆಯುವುದು ಸಹಜ. ಉಗುರಿಗೆ ಸಿಗುವ ಚೂರು, ಹೊಳೆಯುವ ಸಿಪ್ಪೆ ಕಂಡರೆ ಹಲ್ಲು ಮುರಿದಿದೆ ಅಥವಾ ಬೇರಿಂಗ್ ಉದುರುತ್ತಿದೆ. ಅಲ್ಲಿಂದ ಮುಂದೆ ಸೀಲ್ ಬದಲಿಸಿ ಕಳಿಸುವ ಮಾತೇ ಇಲ್ಲ.

ನೀರು ಸಿಕ್ಕರೆ ಎಲ್ಲಿಂದ ಬಂತು ಎಂದು ಹುಡುಕಲು ಒತ್ತಡದ ಪರೀಕ್ಷೆ. ಎಣ್ಣೆ ಇಳಿಸಿದ ಡ್ರೈವಿಗೆ ಕೈಪಿಡಿ ಹೇಳುವಷ್ಟು ಗಾಳಿ ತುಂಬಿ, ಶಾಫ್ಟುಗಳನ್ನು ತಿರುಗಿಸುತ್ತ, ಗೇರು ಬದಲಿಸುವ ಶಿಫ್ಟ್ ಶಾಫ್ಟನ್ನು ಆಡಿಸುತ್ತ ಮುಳ್ಳು ಇಳಿಯುತ್ತದೆಯೇ ನೋಡುವುದು. ಸೋಪಿನ ನೀರು ಗುಳ್ಳೆ ಎಬ್ಬಿಸಿದ ಜಾಗವೇ ಸೋರಿಕೆ. ಹಲವರು ಇಷ್ಟಕ್ಕೇ ನಿಲ್ಲಿಸುತ್ತಾರೆ, ಅದೇ ತಪ್ಪು. ಒಳಗಿನ ಒತ್ತಡ ಕೆಲವು ಸೀಲಿನ ತುಟಿಯನ್ನು ಇನ್ನೂ ಬಿಗಿಯಾಗಿ ಶಾಫ್ಟಿಗೆ ಒತ್ತುವುದರಿಂದ, ಸವೆದ ಸೀಲೂ ಪಾಸಾಗಿಬಿಡುತ್ತದೆ. ಬಿಸಿಯಾದ ಡ್ರೈವ್ ತಣ್ಣೀರಿನಲ್ಲಿ ತಣಿಯುವಾಗ ಒಳಗೆ ನಿರ್ವಾತ ಉಂಟಾಗಿ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ನಿರ್ವಾತದ ಪರೀಕ್ಷೆಯೂ ಆಗಬೇಕು. ಎರಡನ್ನೂ ಮಾಡಿ ಗೇಜಿನ ಓದು ಬರೆದುಕೊಡುವ ವರ್ಕ್‌ಶಾಪಿಗೆ ಪರೀಕ್ಷೆಯ ಶುಲ್ಕ ಕೊಡಲು ಹಿಂಜರಿಯಬೇಡಿ.

ನೀರು ನುಗ್ಗುವ ಜಾಗಗಳಲ್ಲಿ ಮೊದಲು ಶಂಕಿಸಬೇಕಾದ್ದು ಪ್ರೊಪೆಲ್ಲರ್ ಶಾಫ್ಟಿನ ಸೀಲ್. ಗಾಳದ ದಾರ ಥ್ರಸ್ಟ್ ವಾಷರಿನ ಹಿಂದೆ ಸುತ್ತಿಕೊಂಡು ಅದನ್ನು ಕತ್ತರಿಸುತ್ತದೆ. ಆಮೇಲೆ ಕ್ಯಾರಿಯರಿನ ಓ-ರಿಂಗ್, ಶಿಫ್ಟ್ ಶಾಫ್ಟಿನ ಸೀಲ್. ಇನ್ನೊಂದು, ಎಲ್ಲರೂ ಮರೆಯುವುದು: ಎಣ್ಣೆ ತುಂಬುವ ಸ್ಕ್ರೂಗಳ ಪುಟ್ಟ ವಾಷರ್. ಹಳೆಯದನ್ನೇ ಮತ್ತೆ ಹಾಕಿ, ಆ ಸೋರಿಕೆಗೆ ಇಡೀ ಡ್ರೈವ್ ಬಿಚ್ಚಿಸಿದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಕೆಳಗಿನ ಅರ್ಧ ಬಿಚ್ಚಿ ಹೊಸ ಗೇರು ಕೂರಿಸುವ ಕೆಲಸ ನುರಿತ ಕೈಗೆ ಸುಮಾರು 4ರಿಂದ 6 ಗಂಟೆ. ಮುಂದಿನ ಗೇರು (ದೋಣಿಯನ್ನು ಮುಂದಕ್ಕೆ ಓಡಿಸುವ ಫಾರ್ವರ್ಡ್ ಗೇರು) ಮತ್ತು ಪಿನಿಯನ್ (ನಿಂತ ಶಾಫ್ಟಿನ ತುದಿಯ ಚಿಕ್ಕ ಗೇರು) ಜೋಡಿಯಾಗಿಯೇ ಬದಲಾಗಬೇಕು. ಒಂದು ಹಳೆಯದು ಒಂದು ಹೊಸದು ಎಂಬ ಉಳಿತಾಯ ಬೇಗ ಮುರಿಯುತ್ತದೆ. ಜೊತೆಗೆ ಮುಂದಿನ ಗೇರಿನ ಟೇಪರ್ ಬೇರಿಂಗ್ ಮತ್ತದರ ರೇಸ್, ಪಿನಿಯನ್ನಿನ ಸೂಜಿ ಬೇರಿಂಗ್, ಕ್ಯಾರಿಯರಿನ ಬೇರಿಂಗುಗಳು, ಸೀಲ್ ಕಿಟ್, ಹೊಸ ಪಿನಿಯನ್ ನಟ್. ನಟ್ ಹಳೆಯದನ್ನೇ ಹಾಕುತ್ತೇವೆ ಎನ್ನುವವರ ಹತ್ತಿರ ಗೇರು ಕೊಡಬೇಡಿ. ಹೊತ್ತು ತಿನ್ನುವುದು ಬಿಚ್ಚುವುದಕ್ಕಿಂತ ಅಳತೆ. ಮರ್ಕ್ರೂಸರ್ ಕಂಪನಿಯ ಆಲ್ಫಾ ಡ್ರೈವಿನಲ್ಲಿ ಪಿನಿಯನ್ನಿನ ಎತ್ತರವನ್ನು ಅಳತೆಯ ಉಪಕರಣದಿಂದ 0.025 ಇಂಚು, ಅಂದರೆ 0.64 ಮಿಲಿಮೀಟರ್ ಸಂದಿಗೆ ತರಬೇಕು. ಅದಕ್ಕೆ ಕಾಗದದಷ್ಟು ತೆಳು ಲೋಹದ ಬಿಲ್ಲೆಗಳಾದ ಷಿಮ್‌ಗಳನ್ನು ಸೇರಿಸಿ, ತೆಗೆದು, ಮತ್ತೆ ಜೋಡಿಸಿ ನೋಡಬೇಕು. ನಂತರ ಬ್ಯಾಕ್‌ಲ್ಯಾಶ್, ಅಂದರೆ ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ. ಬಿಗಿಯಾದರೆ ಗೇರು ಕಾದು ಊಳಿಡುತ್ತದೆ, ಸಡಿಲವಾದರೆ ಗೇರಿಗೆ ಹಾಕುವಾಗಲೆಲ್ಲ ಹಲ್ಲು ಬಡಿಸಿಕೊಳ್ಳುತ್ತದೆ. ಕೇಸ್, ಅಂದರೆ ಡ್ರೈವಿನ ಲೋಹದ ಹೊರಮೈ, ಬದಲಿಸಿದ್ದರೆ ಹಳೆಯ ಷಿಮ್ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ಅಳೆಯಬೇಕು. ಈ ಅಂಕಿಗಳು ಬಿಲ್ಲಿನಲ್ಲಿ ಇಲ್ಲದಿದ್ದರೆ ಅಳತೆ ನಡೆದಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಉಪ್ಪುನೀರಿನಲ್ಲಿ ಓಡಿದ ಡ್ರೈವಾದರೆ ಈ ಗಂಟೆಗಳ ಲೆಕ್ಕ ನಿಲ್ಲುವುದಿಲ್ಲ. ಕ್ಯಾರಿಯರನ್ನು ಹಿಡಿದಿರುವ ದೊಡ್ಡ ನಟ್ ಕೇಸಿನ ಅಲ್ಯೂಮಿನಿಯಮ್ಮಿಗೆ ಕಚ್ಚಿಕೊಂಡು ಕೂತಿರುತ್ತದೆ. ಬಿಸಿ ಮಾಡಿ, ಪುಲ್ಲರ್ ಹಾಕಿ ಎಳೆಯುವಾಗ ಒಮ್ಮೊಮ್ಮೆ ಕ್ಯಾರಿಯರ್ ಹೋಗುತ್ತದೆ, ಒಮ್ಮೊಮ್ಮೆ ಕೇಸೇ ಹೋಗುತ್ತದೆ. ಇಂಥ ಡ್ರೈವಿಗೆ ನಿಗದಿತ ಮೊತ್ತದ ಕೋಟೇಶನ್ ಕೊಡುವವರು ಅನುಭವ ಇಲ್ಲದವರು, ಇಲ್ಲವೇ ಮೊದಲೇ ಎರಡರಷ್ಟು ಸೇರಿಸಿಟ್ಟವರು. ಹಂತ ಹಂತದ ಕೋಟೇಶನ್ ಕೇಳುವುದೇ ಸರಿ: ಬಿಚ್ಚಿ ನೋಡಲು ಇಷ್ಟು, ಅಲ್ಲಿ ನಿಲ್ಲಿಸಿದರೆ ಇಷ್ಟು, ಮುಂದುವರಿದರೆ ಇಷ್ಟು.

ಮೇಲಿನ ಅರ್ಧದ ಕೂಲಿಯೂ ಹೆಚ್ಚುಕಡಿಮೆ ಅಷ್ಟೇ, ಬಿಡಿಭಾಗದ ಬೆಲೆ ಮಾತ್ರ ಮಾದರಿಯ ಮೇಲೆ. ಆಲ್ಫಾದಲ್ಲಿ ಮುಂದೆ ಹಿಂದೆ ಬದಲಿಸುವ ಹಲ್ಲಿನ ಕ್ಲಚ್ ಕೆಳಗಿದೆ; ಮರ್ಕ್ರೂಸರಿನದೇ ಆದ ಬ್ರಾವೋ ಮತ್ತು ವೋಲ್ವೊ ಪೆಂಟಾ ಎಸ್‌ಎಕ್ಸ್ ಬಗೆಯವುಗಳಲ್ಲಿ ಕೋನ್ ಕ್ಲಚ್ ಮೇಲಿದೆ. ಹೀಗಾಗಿ ಬ್ರಾವೋದಲ್ಲಿ ಮೇಲಿನ ಭಾಗ ಕೆಟ್ಟರೆ ಗೇರಿನ ಜೊತೆ ಕ್ಲಚ್ಚಿನ ಖರ್ಚೂ ಬರುವ ಸಂಭವ ಹೆಚ್ಚು. ಆಲ್ಫಾಗೆ ಸುಮಾರು 300 ಅಶ್ವಶಕ್ತಿ ಮಿತಿ. ಅದರ ಹಿಂದೆ ದೊಡ್ಡ ಎಂಜಿನ್ ಇಟ್ಟವರ ಮೇಲಿನ ಗೇರು ಮುರಿದರೆ ಅದು ಡ್ರೈವಿನ ದೋಷವಲ್ಲ, ಅದೇ ಡ್ರೈವನ್ನು ಮತ್ತೆ ಕಟ್ಟಿಸುವುದು ಅದೇ ಬಿಲ್ಲಿಗೆ ಮುಂಗಡ ಕೊಟ್ಟಂತೆ.

ಇನ್ನು ದೋಣಿಯ ಗೋಡೆಗೆ ಅಂಟಿದ ಭಾಗ. ಜನ ಕಡೆಗಣಿಸುವುದು ಇದನ್ನೇ, ಡ್ರೈವಿನ ಸಾವು ಎಷ್ಟೋ ಸಲ ಶುರುವಾಗುವುದೂ ಇಲ್ಲಿಂದಲೇ. ಬೆಲ್ಲೋಸ್ ಎಂದರೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆ. ಯೂನಿವರ್ಸಲ್ ಜಾಯಿಂಟಿನದು ಹರಿದರೆ ನೀರು ಮೊದಲು ಗಿಂಬಲ್ ಬೇರಿಂಗಿಗೆ, ಜಾಯಿಂಟಿನ ಸೂಜಿಗಳಿಗೆ ತುಕ್ಕು ಹಿಡಿಸುತ್ತದೆ, ಆಮೇಲೆ ದೋಣಿಯೊಳಗೆ ಬರುತ್ತದೆ. ಶಿಫ್ಟ್ ಕೇಬಲ್ಲಿನ ಬೆಲ್ಲೋಸ್ ಬೆರಳಷ್ಟು ದಪ್ಪದ್ದು, ಆದರೂ ಕಟ್ಟಿ ನಿಲ್ಲಿಸಿದ ದೋಣಿಯನ್ನು ಮುಳುಗಿಸಲು ಸಾಕು. ಹೊಗೆಯ ಬೆಲ್ಲೋಸ್ ಹರಿದರೆ ಶಬ್ದ ಹೆಚ್ಚುತ್ತದೆ ಅಷ್ಟೆ, ದೋಣಿಗೆ ನೀರು ಬರುವುದಿಲ್ಲ. ದೋಣಿ ತಿರುಗುವಾಗ ಮಾತ್ರ ಗುರ್ ಎನ್ನುವ ಸದ್ದು ಬಂದರೆ ಗಿಂಬಲ್ ಬೇರಿಂಗಿನ ಮೇಲೆ ಅನುಮಾನ ಸಹಜ.

ಮೂರು ಬೆಲ್ಲೋಸ್, ಗಿಂಬಲ್ ಬೇರಿಂಗ್, ಕೆಳಗಿನ ಶಿಫ್ಟ್ ಕೇಬಲ್ ಸೇರಿ 4ರಿಂದ 6 ಗಂಟೆಯ ಕೆಲಸ. ಡ್ರೈವನ್ನು ಇಳಿಸಿ ಏರಿಸುವ ಸುಮಾರು ಎರಡು ಗಂಟೆ ಅದರಲ್ಲೇ ಬರುತ್ತದೆ. ಗೇರಿನ ಕೆಲಸಕ್ಕೆ ಡ್ರೈವ್ ಇಳಿದಿದ್ದಾಗಲೇ ಇದನ್ನೂ ಮಾಡಿಸಿದರೆ ಆ ಎರಡು ಗಂಟೆಯ ಕೂಲಿ ಒಂದೇ ಸಲ. ಆಲ್ಫಾದಲ್ಲಿ ಎಂಜಿನ್ ತಣಿಸುವ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಯ ಚಕ್ರ) ಡ್ರೈವಿನ ಒಳಗೇ ಇದೆ. ಎರಡು ಅರ್ಧ ಬೇರೆಯಾದಾಗ ಅದನ್ನು ಬದಲಿಸುವುದಕ್ಕೆ ಕಿಟ್ಟಿನ ಬೆಲೆಯಷ್ಟೇ ಖರ್ಚು. ಹಳೆ ಇಂಪೆಲ್ಲರಿನ ರೆಕ್ಕೆ ತುಂಡಾಗಿದ್ದರೆ ತುಂಡುಗಳನ್ನು ಎಣಿಸಿ. ಒಂದು ಕಡಿಮೆ ಬಿದ್ದರೂ ಅದು ಮುಂದಿನ ಕೊಳವೆಯಲ್ಲೋ ಕೂಲರಿನಲ್ಲೋ ಸಿಕ್ಕಿಕೊಂಡು ಎಂಜಿನ್ನನ್ನು ಕಾಯಿಸುತ್ತದೆ. ಬ್ರಾವೋದಲ್ಲಿ ಈ ಪಂಪ್ ಎಂಜಿನ್ ಬಳಿ ಇದೆ, ಅಲ್ಲಿ ಈ ಲಾಭ ಇಲ್ಲ.

ಡ್ರೈವ್ ಮತ್ತೆ ಕೂರುವ ಮೊದಲು ಅಲೈನ್‌ಮೆಂಟ್ ಸರಳು (ಎಂಜಿನ್ ಮತ್ತು ಡ್ರೈವ್ ಒಂದೇ ನೇರದಲ್ಲಿವೆಯೇ ಎಂದು ನೋಡುವ ಕಬ್ಬಿಣದ ಸರಳು) ಒಳಗೆ ಹೋಗಲೇಬೇಕು. ಗಿಂಬಲ್ ಬೇರಿಂಗ್ ದಾಟಿ ಕಪ್ಲರಿನ ಹಲ್ಲುಗಳಿಗೆ ಎರಡು ಬೆರಳಿನ ಬಲದಲ್ಲಿ ಜಾರಬೇಕು. ಸರಳಿಗೆ ಗ್ರೀಸ್ ಬಳಿದು ತೆಗೆದಾಗ ಹಲ್ಲಿನ ಗುರುತು ಸುತ್ತಲೂ ಸಮನಾಗಿರಬೇಕು. ಇಲ್ಲದಿದ್ದರೆ ಎಂಜಿನ್ನಿನ ಮುಂದಿನ ಮೌಂಟ್ ಏರಿಸಿ ಇಳಿಸಿ ಸರಿಮಾಡುವುದು. ಇದನ್ನು ಬಿಟ್ಟವರ ಕಪ್ಲರ್ ಸವೆದರೆ, ಅದನ್ನು ಬದಲಿಸಲು ಎಂಜಿನ್ನನ್ನೇ ಸರಿಸಬೇಕಾಗುತ್ತದೆ. ಗಿಂಬಲ್ ಹೌಸಿಂಗ್ ಬಿರುಕು ಬಿಟ್ಟಿದ್ದರೂ ಅದೇ ಕಥೆ: ಎಂಜಿನ್ ಹೊರಗೆ, ಕೂಲಿ ದಿನಗಳ ಲೆಕ್ಕದಲ್ಲಿ. ಪೆಟ್ಟು ಜೋರಾಗಿದ್ದರೆ ಹಿಂಬದಿ ಗೋಡೆಯನ್ನು ಬೋಲ್ಟುಗಳ ಸುತ್ತ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದರೆ ಒಳಗಿನ ಪ್ಲೈವುಡ್ ಕೊಳೆತಿರಬಹುದು, ಆಗ ಪ್ರಶ್ನೆ ಡ್ರೈವಿನದಲ್ಲ, ದೋಣಿಯದು.

ಸ್ಕೆಗ್ಗಿನ ಬಗ್ಗೆ ಎರಡೇ ಮಾತು. ಅಲ್ಯೂಮಿನಿಯಮ್ ವೆಲ್ಡಿಂಗ್ ಚೆನ್ನಾಗಿಯೇ ಆಗುತ್ತದೆ, ಆದರೆ ಆ ಬಿಸಿ ಹತ್ತಿರದ ಸೀಲುಗಳನ್ನು ಸುಡುತ್ತದೆ. ಬಿಚ್ಚಿದ ಖಾಲಿ ಕೇಸಿಗೆ ವೆಲ್ಡ್ ಹಾಕುವವರನ್ನೇ ಹುಡುಕಿ. ತುದಿ ಮಾತ್ರ ಹೋಗಿದ್ದರೆ ಸ್ಟೀಲಿನ ಕವಚ ಬೋಲ್ಟ್ ಮಾಡುವುದು ಅಗ್ಗ, ಎರಡು ಲೋಹದ ನಡುವೆ ಸೀಲೆಂಟ್ ಬಳಿಯುವುದನ್ನು ಮಾತ್ರ ಬಿಡಬಾರದು. ಬಿರುಕು ಗೇರು ಕೂರುವ ಜಾಗಕ್ಕೆ ಹಬ್ಬಿದ್ದರೆ ವೆಲ್ಡಿಂಗಿಗೆ ಹೋಗಬೇಡಿ.

ಈಗ ದಾರಿಗಳ ತೀರ್ಪು.

ದುರಸ್ತಿ: ಒಂದೇ ಭಾಗ ಕೆಟ್ಟು, ಕೇಸ್ ಗಟ್ಟಿಯಾಗಿದ್ದು, ಬಿಡಿಭಾಗ ಸುಲಭವಾಗಿ ಸಿಗುವಾಗ ಇದಕ್ಕಿಂತ ಒಳ್ಳೆಯದಿಲ್ಲ. ಕೆಳಗೆ ಗೇರು, ಮೇಲೆ ಗೇರು, ಜೊತೆಗೆ ಕೇಸ್ ಎಂದಾಗ ಒಟ್ಟು ಮೊತ್ತ ಪುನರ್ನಿರ್ಮಿತ ಡ್ರೈವಿನ ಬೆಲೆಯನ್ನು ಮೀರುವುದು ಸಾಮಾನ್ಯ. ಕೋಟೇಶನ್ ಬದಲಿ ಡ್ರೈವಿನ ಬೆಲೆಯ ಅರ್ಧ ದಾಟಿತೆಂದರೆ ನಿಲ್ಲಿಸಿ ಯೋಚಿಸಿ ಎಂಬುದು ನಾವು ಹಿಡಿಯುವ ಗೆರೆ. ರಿಪೇರಿಯಾದ ಡ್ರೈವಿನ ಗ್ಯಾರಂಟಿ ಸಾಮಾನ್ಯವಾಗಿ ಮುಟ್ಟಿದ ಭಾಗಕ್ಕೆ ಮಾತ್ರ.

ಕೆಳಗಿನ ಅರ್ಧ ಮಾತ್ರ: ಆಲ್ಫಾ ಮಾಲೀಕರಿಗೆ ಇದು ಹೆಚ್ಚಾಗಿ ಸರಿಯಾದ ಉತ್ತರ. ಆಲ್ಫಾದಲ್ಲಿ ಒಟ್ಟು ಗೇರ್ ಅನುಪಾತ ತೀರ್ಮಾನವಾಗುವುದು ಮೇಲಿನ ಗೇರಿನಲ್ಲಿ, ಆದ್ದರಿಂದ ಕೆಳಭಾಗ ಹೊಂದಿಸುವುದು ಸರಳ. ತೊಡಕು ಒಂದು: 1991ರಲ್ಲಿ ಬಂದ ಎರಡನೇ ತಲೆಮಾರಿನ ಕೆಳಭಾಗ ಮೊದಲ ತಲೆಮಾರಿಗೆ ಕೂರುವುದಿಲ್ಲ. ಸೀರಿಯಲ್ ನಂಬರ್ ಓದದೆ ಆರ್ಡರ್ ಹಾಕಬೇಡಿ.

ಸೆಕೆಂಡ್‌ಹ್ಯಾಂಡ್: ಅಗ್ಗವಾಗಿ ಕಂಡರೂ ಇದಕ್ಕೇ ನಮ್ಮ ಅತಿ ಕಡಿಮೆ ಅಂಕ. ಎಣ್ಣೆ ಇಳಿಸಿ ನೋಡಲು, ಒತ್ತಡದ ಪರೀಕ್ಷೆ ಮಾಡಲು ಬಿಡದ ಮಾರಾಟಗಾರನಿಂದ ಕೊಳ್ಳಲೇಬಾರದು. ಎಣ್ಣೆ ಇಲ್ಲದೆ ಒಣಗಿ ಬಂದ ಡ್ರೈವ್ ಏನನ್ನೋ ಬಚ್ಚಿಟ್ಟಿದೆ ಎಂದುಕೊಳ್ಳಿ. ಬಣ್ಣದಡಿ ಗುಳ್ಳೆ ಎದ್ದಿದ್ದರೆ ಕೆರೆದು ನೋಡಿ. ಬಿಳಿ ಪುಡಿ ಬಂದರೆ ಅಲ್ಯೂಮಿನಿಯಮ್ ಸವೆಯುತ್ತಿದೆ. ಎರಡು ಸ್ಟೀಲ್ ಪ್ರೊಪೆಲ್ಲರಿನ ಬ್ರಾವೋ 3 ಉಪ್ಪುನೀರಿನಲ್ಲಿ ಹೀಗೆ ಸವೆಯುವುದಕ್ಕೆ ಹೆಸರಾದದ್ದು. ಈ ಸವೆತ ತಡೆಯಲು ಡ್ರೈವಿನ ಬದಲು ತಾನು ಕರಗುವ ಲೋಹದ ತುಂಡೇ ಆನೋಡ್: ಮೆಗ್ನೀಸಿಯಮ್ಮಿನದು ಸಿಹಿನೀರಿಗೆ ಮಾತ್ರ, ಸತುವಿನದು ಉಪ್ಪುನೀರಿಗೆ, ಅಲ್ಯೂಮಿನಿಯಮ್ಮಿನದು ಎರಡಕ್ಕೂ ನಡೆಯುತ್ತದೆ. ಆನೋಡಿಗೂ ಬಣ್ಣ ಬಳಿದ ಡ್ರೈವ್ ಕಂಡರೆ ಹಿಂದಿನ ಮಾಲೀಕ ಎಂಥವನೆಂದು ಗೊತ್ತಾಯಿತು.

ಪುನರ್ನಿರ್ಮಿತ: ವ್ಯಾಪಾರದಲ್ಲಿ ಹಳೆಯ ಡ್ರೈವಿಗೂ ಬೆಲೆ ಇದೆ, ಕೋರ್ ಠೇವಣಿ ಎನ್ನುತ್ತಾರೆ. ಮುರಿದ ಗೇರಿದ್ದರೂ ತೆಗೆದುಕೊಳ್ಳುತ್ತಾರೆ; ಕೇಸ್ ಬಿರುಕು ಬಿಟ್ಟಿದ್ದರೆ, ತುಕ್ಕು ತಿಂದಿದ್ದರೆ ಠೇವಣಿ ಹೋಯಿತು. ಬೆಲೆ ಹೋಲಿಸುವಾಗ ಈ ಠೇವಣಿ ವಾಪಸ್ ಬರುವುದೋ ಇಲ್ಲವೋ ಎಂದು ಮೊದಲೇ ಬರಹದಲ್ಲಿ ಕೇಳಿ, ಇಲ್ಲದಿದ್ದರೆ ಅಗ್ಗದ ಡ್ರೈವ್ ಕೊನೆಯಲ್ಲಿ ದುಬಾರಿ.

ಹೊಸದು: ಮೂಲ ಕಂಪನಿಯದು ದುಬಾರಿ, ಅಳತೆಯ ತಲೆನೋವಿಲ್ಲ. ಎಸ್‌ಇಐ ಮುಂತಾದ ಬೇರೆ ತಯಾರಕರು ಆಲ್ಫಾಗೆ ಬದಲಿಯಾಗಿ ಮಾಡುವ ಡ್ರೈವುಗಳು ಬೆಲೆಯಲ್ಲಿ ಹಗುರ. ಸಾಧಾರಣ ಎಂಜಿನ್ನಿನ, ರಜೆಯಲ್ಲಿ ಮಾತ್ರ ಓಡುವ ದೋಣಿಗೆ ಈ ಎರಡನೆಯದೇ ನಮ್ಮ ಆಯ್ಕೆ. ಗ್ಯಾರಂಟಿ ಪತ್ರದಲ್ಲಿ ಅಶ್ವಶಕ್ತಿಯ ಮಿತಿ, ಡಿಕ್ಕಿ, ತುಕ್ಕು ಮತ್ತು ಎಣ್ಣೆ ಬದಲಿಸಿದ ದಾಖಲೆಯ ಸಾಲುಗಳನ್ನು ಓದಿ. ಅನುಪಾತ ತಪ್ಪಿದರೆ ಎಂಜಿನ್ ತನ್ನ ಪೂರ್ಣ ವೇಗ ಮುಟ್ಟುವುದಿಲ್ಲ ಅಥವಾ ಮೀರಿ ಓಡುತ್ತದೆ. ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಒಂದು ಇಂಚು ಬದಲಿಸಿದರೆ ಎಂಜಿನ್ ವೇಗದಲ್ಲಿ ಆಗುವ ವ್ಯತ್ಯಾಸ ನಿಮಿಷಕ್ಕೆ 150ರಿಂದ 200 ಸುತ್ತು ಮಾತ್ರ, ಅದರಿಂದ ಎಲ್ಲ ತಪ್ಪನ್ನೂ ಮುಚ್ಚಲಾಗದು.

ಓಎಂಸಿ ಕಂಪನಿಯ ಕೋಬ್ರಾ ಡ್ರೈವ್ ಇದ್ದವರ ಲೆಕ್ಕವೇ ಬೇರೆ. ಆ ಕಂಪನಿ 2000ದ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು. ಸೀಲು, ಬೆಲ್ಲೋಸ್ ಸಿಕ್ಕರೂ ಕೇಸು, ಗೇರು ಹುಡುಕಾಟದ ವಸ್ತು. ಅಲ್ಲಿ ದೊಡ್ಡ ರಿಪೇರಿಗೆ ಕೈ ಹಾಕುವ ಮೊದಲು ಬೇಕಾದ ಭಾಗಗಳೆಲ್ಲ ಮೇಜಿನ ಮೇಲೆ ಬಂದು ಕೂತಿರಬೇಕು.

ವಿಮೆ ಇದ್ದರೆ ಬಿಚ್ಚುವ ಮುನ್ನ ತಿಳಿಸಿ, ಫೋಟೋ ತೆಗೆದಿಡಿ. ಪಾಲಿಸಿಗಳು ಸಾಮಾನ್ಯವಾಗಿ ಹಠಾತ್ ಡಿಕ್ಕಿಗೆ ಕೊಡುತ್ತವೆ, ಸವಕಳಿಗೂ ತುಕ್ಕಿಗೂ ಕೊಡುವುದಿಲ್ಲ. ಡಿಕ್ಕಿಯಲ್ಲಿ ಮುರಿದ ಹಲ್ಲು ಹಾಗೂ ನೀರು ನುಗ್ಗಿ ಹಾಳಾದ ಬೇರಿಂಗನ್ನು ಮೆಕ್ಯಾನಿಕ್ ವರದಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು, ಎರಡನ್ನೂ ಕಲಸಿದರೆ ಎರಡಕ್ಕೂ ತಕರಾರು ಬರುತ್ತದೆ.

ವರ್ಕ್‌ಶಾಪನ್ನು ಅಳೆಯಲು ಕೆಲವು ಸಂಗತಿ ಸಾಕು. ತೆಗೆದ ಹಳೆಯ ಗೇರು, ಬೇರಿಂಗು ಡಬ್ಬದಲ್ಲಿ ಹಾಕಿ ವಾಪಸ್ ಕೊಡುತ್ತಾರೆಯೇ? ಮರ್ಕ್ರೂಸರ್ ಡ್ರೈವ್ ಹಿಡಿದಿರುವ ಆರು ನಟ್‌ಗಳನ್ನು 68 ನ್ಯೂಟನ್-ಮೀಟರಿಗೆ ಟಾರ್ಕ್ ಸ್ಪಾನರಿನಲ್ಲಿ ಬಿಗಿಯುತ್ತಾರೆಯೇ, ಬರಿಗೈ ಅಂದಾಜೇ? ಆಲ್ಫಾ ಇಳಿಸುವ ಮೊದಲು ಮುಂದಿನ ಗೇರಿಗೆ ಹಾಕಬೇಕೆಂದು ಗೊತ್ತಿಲ್ಲದವರು ಶಿಫ್ಟ್ ಕೊಂಡಿಯನ್ನು ಮುರಿಯುತ್ತಾರೆ. ಎಣ್ಣೆಯನ್ನು ಕೆಳಗಿನ ತೂತಿನಿಂದ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ ಏರಿಸಬೇಕು. ಮೇಲಿನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಮಟ್ಟ ಸುಳ್ಳು ಹೇಳುತ್ತದೆ. ಎರಡನೇ ತಲೆಮಾರಿನ ಆಲ್ಫಾಗೆ ಮಾನಿಟರ್ ಬಾಟಲಿ (ಎಣ್ಣೆಯ ಮಟ್ಟ ತೋರಿಸುವ ಸೀಸೆ) ಸೇರಿ ಸುಮಾರು 1.9 ಲೀಟರ್, ಬ್ರಾವೋ 1ಕ್ಕೆ 2.6 ಲೀಟರ್. ಬಿಲ್ಲಿನಲ್ಲಿ ನಾಲ್ಕು ಲೀಟರ್ ಕಂಡರೆ ಉಳಿದದ್ದು ಎಲ್ಲಿ ಎಂದು ಕೇಳಿ.

ಹೊಸ ಗೇರು ಹಾಕಿದ ಡ್ರೈವನ್ನು ಮೊದಲ ಐದು ಗಂಟೆ ಮುಕ್ಕಾಲು ಥ್ರಾಟಲ್ ಮೀರಿಸಬಾರದು, ಒಂದೇ ವೇಗದಲ್ಲಿ ಹೆಚ್ಚು ಹೊತ್ತು ಓಡಿಸಲೂಬಾರದು, ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಡಬಾರದು. ಈ ಅವಧಿಯಲ್ಲಿ ನ್ಯೂಟ್ರಲಿನಿಂದ ಮುಂದಿನ ಗೇರಿಗೆ ಕನಿಷ್ಠ ಹತ್ತು ಸಲ ಹಾಕಿ ಸಾಧಾರಣ ವೇಗದಲ್ಲಿ ಓಡಿಸಬೇಕು. ನಂತರದ ಐದು ಗಂಟೆ ಆಗಾಗ, ಸ್ವಲ್ಪ ಹೊತ್ತು ಮಾತ್ರ ಪೂರ್ತಿ ವೇಗ. ಅದು ಮುಗಿದ ಮೇಲೆ ಒಂದು ರಾತ್ರಿ ನಿಲ್ಲಿಸಿ ಕೆಳಗಿನ ಸ್ಕ್ರೂ ತೆಗೆದು ಅಯಸ್ಕಾಂತ ನೋಡಿ. ಚೂರು ಕಂಡರೆ ಅದೇ ದಿನ, ಎಣ್ಣೆಯ ಮಾದರಿ ಸಮೇತ, ಬಿಲ್ಲು ಕೊಟ್ಟವರ ಬಳಿ ಹೋಗಿ.